ಎತ್ತರಕ್ಕಾಗಿ ಮೂಳೆ ಕತ್ತರಿಸುವ ಮುನ್ನ

ಪ್ರಶ್ನೆ: ನನಗೆ 24 ವರ್ಷ, ಎತ್ತರ 5 ಅಡಿ 2 ಅಂಗುಲ. ಎತ್ತರ ಸಾಲದೆಂದು ಹೆಣ್ಣಿನ ಕಡೆಯವರು ಹಿಂದೆ ಸರಿಯುತ್ತಿದ್ದಾರೆ. ಗದ್ದೆ ಮಾರಿಯಾದರೂ ಕಾಲು ಉದ್ದ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಸಿದ್ಧತೆ ಹೇಗಿರಬೇಕು?
— ಓದುಗ, ಗಂಗಾವತಿ

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಇದು ಆರೋಗ್ಯವಾಗಿರುವ ಮೂಳೆಯನ್ನೇ ಕತ್ತರಿಸುವ ಚಿಕಿತ್ಸೆ ಎಂಬುದನ್ನು ಮೊದಲು ಮನಗಾಣಬೇಕು. ಸೋವಿಯತ್ ವೈದ್ಯ ಇಲಿಜಾರೊವ್ 1950ರ ದಶಕದಲ್ಲಿ ಬೆಳೆಸಿದ ವಿಧಾನದಂತೆ, ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದು ವಾರದ ನಂತರ ಮೂಳೆಯ ತುದಿಗಳನ್ನು ದಿನಕ್ಕೆ 1 ಮಿಲಿಮೀಟರಿನಂತೆ, ಅದನ್ನೂ ನಾಲ್ಕು ಕಂತುಗಳಲ್ಲಿ, ಬೇರ್ಪಡಿಸುತ್ತ ಹೋದರೆ ನಡುವಿನ ಅಂತರದಲ್ಲಿ ಹೊಸ ಮೂಳೆ ಹುಟ್ಟುತ್ತದೆ. 5 ಸೆಂಟಿಮೀಟರಿಗೆ 50 ದಿನ ಸಾಕೆನಿಸಿದರೂ ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕು. ಮೂಳೆಯ ವೇಗಕ್ಕೆ ಸ್ನಾಯುಗಳು ಹಿಗ್ಗದೆ ಹಿಮ್ಮಡಿ ನೆಲಕ್ಕೆ ಊರದಂತಾಗಬಹುದಾದ್ದರಿಂದ ದಿನವೂ ಫಿಸಿಯೋಥೆರಪಿ ತಪ್ಪುವಂತಿಲ್ಲ. ಮೂಳೆಯನ್ನು ಹಿಡಿದಿಡಲು ಕಾಲಿನ ಹೊರಗೆ ಲೋಹದ ಚೌಕಟ್ಟು ಹಾಕಿದ್ದರೆ, ಅದರ ಸರಳು ಚರ್ಮ ಹೊಕ್ಕ ಜಾಗವನ್ನು ನಮ್ಮ ಕಡೆಯ ಧೂಳು, ಬೆವರಿನಿಂದ ಕಾಪಾಡಬೇಕು. ಕೆಂಪಾಗಿ ಕೀವು ಕಾಣಿಸಿದೊಡನೆ ವೈದ್ಯರಿಗೆ ತೋರಿಸಬೇಕು.

ಧೂಮಪಾನವು ಮೂಳೆ ಕೂಡುವುದನ್ನು ತಡಮಾಡುವುದರಿಂದ ಬೀಡಿ, ಸಿಗರೇಟು ಈಗಲೇ ಬಿಡಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮನೋವೈದ್ಯರೊಂದಿಗೂ ಮನಬಿಚ್ಚಿ ಮಾತನಾಡಿ. ಹೆಣ್ಣಿನ ಕಡೆಯವರ ಮಾತಿಗಾಗಿ ಗದ್ದೆ ಮಾರುವುದು ಬೇಡವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಹಾಗಿದ್ದೂ ಮುಂದುವರಿಯುವುದಾದರೆ, ಪದೇ ಪದೇ ಎಕ್ಸ್‌ರೇ ತೆಗೆಸಬೇಕಾಗುವುದರಿಂದ ಆಸ್ಪತ್ರೆಯ ಸಮೀಪವೇ ಕೆಲವು ತಿಂಗಳು ಉಳಿಯುವ ಏರ್ಪಾಡು ಮಾಡಿಕೊಳ್ಳಿ.