ಕಾಲಿನ್ ಕೌಂಟಿಯಲ್ಲಿ ಮನೆ ಕೊಳ್ಳುವ ಮುನ್ನ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಡಲ್ಲಾಸ್‌ನ ಉತ್ತರಕ್ಕಿರುವ ಕಾಲಿನ್ ಕೌಂಟಿಗೆ ಹೋಗುವ ಯೋಚನೆಯಿದೆ. ಅಲ್ಲಿನ ಜೀವನ ನಮಗೆ ಕೈಗೆಟುಕುವುದೇ ಎಂದು ತಿಳಿಯುವುದು ಹೇಗೆ?

ಉತ್ತರ: ಆದಾಯ ತೆರಿಗೆಯ ಉಳಿತಾಯವನ್ನು ಆಸ್ತಿ ತೆರಿಗೆಯ ಪಕ್ಕದಲ್ಲಿಟ್ಟು ನೋಡಿ. ಕೌಂಟಿ, ನಗರ, ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ), ಸ್ಥಳೀಯ ಸಾರ್ವಜನಿಕ ಕಾಲೇಜು ಇವೆಲ್ಲ ಬೇರೆಬೇರೆಯಾಗಿ ತೆರಿಗೆ ಹಾಕುತ್ತವೆ. ಕೆಲವು ಹೊಸ ಬಡಾವಣೆಗಳಲ್ಲಿ ರಸ್ತೆ, ನೀರಿನ ಸಾಲಕ್ಕೆಂದು ಇನ್ನೊಂದು ತೆರಿಗೆಯೂ ಸೇರುತ್ತದೆ. ಈಗಿನ ಮಾಲೀಕರ ತೆರಿಗೆ ರಸೀದಿಯನ್ನು ಮಾತ್ರ ದಯವಿಟ್ಟು ನಂಬಬೇಡಿ. ಸ್ವಂತ ವಾಸದ ಮನೆಯ ತೆರಿಗೆಗೊಳಪಡುವ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರದಂತೆ ಅಲ್ಲಿನ ಕಾನೂನು ತಡೆಯುತ್ತದೆಯಾದರೂ, ಮನೆ ಕೈಬದಲಾದ ಮರುವರ್ಷ ಆ ರಕ್ಷಣೆ ಬಿದ್ದುಹೋಗಿ, ಲೆಕ್ಕ ಮಾರುಕಟ್ಟೆ ಬೆಲೆಯಿಂದಲೇ ಹೊಸದಾಗಿ ಶುರುವಾಗುತ್ತದೆ.

ಆಲಿಕಲ್ಲು ಮಳೆ ಅಲ್ಲಿ ಸಾಮಾನ್ಯ. ವಿಮೆಯಲ್ಲಿ ಅದರ ಹಾನಿಗೆ ನೀವು ಮೊದಲು ಭರಿಸಬೇಕಾದ ಪಾಲು ಹಲವು ಬಾರಿ ಶೇಕಡಾವಾರು ಇರುತ್ತದೆ: 5 ಲಕ್ಷ ಡಾಲರ್ ವಿಮೆಯ ಮನೆಗೆ ಶೇ. 2 ಎಂದರೆ 10,000 ಡಾಲರ್.

ವಾರದ ದಿನ ಬೆಳಿಗ್ಗೆ ಏಳೂವರೆಗೆ ಆ ಮನೆಯಿಂದ ಕಚೇರಿಯವರೆಗೆ ಒಮ್ಮೆ ಕಾರು ಓಡಿಸಿ, ಟೋಲ್ ಎಷ್ಟಾಯಿತೆಂದು ಬರೆದಿಟ್ಟುಕೊಳ್ಳಿ. ಊರಿನಿಂದ ಅಪ್ಪ ಅಮ್ಮ ಬಂದು ಇರುವುದಾದರೆ ಇನ್ನೂ ಯೋಚಿಸಿ. ಆ ಕಡೆಯ ಫ್ರಿಸ್ಕೋ ನಗರದಲ್ಲಿ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನವಿದೆ, ನಿಜ. ಆದರೆ ಆ ನಗರ ಡಲ್ಲಾಸ್‌ನ ಬಸ್ಸು, ರೈಲು ವ್ಯವಸ್ಥೆಗೆ ಸೇರಿಲ್ಲ, ಕಾರು ಓಡಿಸಲಾಗದ ಹಿರಿಯರು ಜುಲೈ ಬಿಸಿಲಿನಲ್ಲಿ ಮನೆಯೊಳಗೇ ಉಳಿಯಬೇಕಾದೀತು. ಸಾಧ್ಯವಾದರೆ ಮೊದಲ ವರ್ಷ ಬಾಡಿಗೆಗಿರಿ.