ಅರ್ಜಿ ಹಾಕಿ ಕಾಯುವ ಕಾಲ: ಕಾನೂನು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್‌ಗೆಂದೂ ಪದವಿ ಮುಗಿದ ಮೇಲಿನ ಕೆಲಸಕ್ಕೆಂದೂ ಕಾನೂನು ಸಂಸ್ಥೆಗಳಿಗೆ, ಹಿರಿಯ ವಕೀಲರ ಚೇಂಬರ್‌ಗಳಿಗೆ ಸಾಲುಸಾಲಾಗಿ ಅರ್ಜಿ ಹಾಕಿದ್ದೇನೆ. ಕೆಲವರು ಎರಡು ಸಾಲಿನಲ್ಲಿ ಇಲ್ಲವೆಂದಿದ್ದಾರೆ, ಹೆಚ್ಚಿನವರಿಂದ ಉತ್ತರವೇ ಇಲ್ಲ. ಓದಲು ಕುಳಿತರೆ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಅಂಕ ಸಾಲದಾಯಿತೇ, ಕಾಲೇಜಿನ ಹೆಸರು ಸಾಲದಾಯಿತೇ, ಬರೆದ ಪತ್ರವೇ ಚೆನ್ನಾಗಿರಲಿಲ್ಲವೇ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿರುತ್ತೇನೆ. ಈ ಆತಂಕವನ್ನು ನಿಲ್ಲಿಸುವುದು ಹೇಗೆ, ಮೇಡಂ?
– ಹೆಸರು ಬೇಡವೆಂದ ವಿದ್ಯಾರ್ಥಿನಿ

ಉತ್ತರ: ಆತಂಕವನ್ನು ಪೂರ್ತಿಯಾಗಿ ನಿಲ್ಲಿಸಲಾಗದು, ನಿಲ್ಲಿಸಲೇಬೇಕೆಂದು ಹಟ ಹಿಡಿದರೆ ಕಾಯುವ ಕಷ್ಟದ ಜೊತೆಗೆ ಆ ಹಟದ ಕಷ್ಟವೂ ಸೇರಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರವಾನಗಿಯ ಪರೀಕ್ಷೆ ಬರೆದು ಸುಮಾರು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುತ್ತಿದ್ದ ಕಾನೂನು ಪದವೀಧರರನ್ನು ಕುರಿತು ಮನೋವಿಜ್ಞಾನಿ ಕೇಟ್ ಸ್ವೀನಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆತಂಕವನ್ನು ಅದುಮಿಡಲು, ಒಳ್ಳೆಯದೇ ಆಗುತ್ತದೆಂದು ತಮ್ಮನ್ನು ತಾವು ನಂಬಿಸಿಕೊಳ್ಳಲು ಅವರು ಮಾಡಿದ ಪ್ರಯತ್ನಗಳು ಸಂಕಟವನ್ನು ಅಷ್ಟಾಗಿ ಇಳಿಸಲಿಲ್ಲ. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಕಾಯುವಾಗ ಹೆಚ್ಚು ಕಳವಳಪಟ್ಟವರೇ ಕೆಟ್ಟ ಸುದ್ದಿ ಬಂದಾಗ ಅದನ್ನು ಹೆಚ್ಚು ಸಮರ್ಥವಾಗಿ ಎದುರಿಸಿದರು, ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಹಿಗ್ಗಿದರು. ಎಲ್ಲರಿಗೂ ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುತ್ತ ತಿರುಗುವವರಿಗೆ ಇದು ಅಷ್ಟೇನೂ ರುಚಿಸುವ ಸುದ್ದಿಯಲ್ಲ. ಅದೇ ವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು, ಕೈಗೆ ಸಣ್ಣ ವಿದ್ಯುತ್ ಆಘಾತ ಕೊಡುವ ಪ್ರಯೋಗವೊಂದರಲ್ಲಿ, ಆಘಾತ ಖಚಿತವೆಂದು ತಿಳಿದಾಗಿನದಕ್ಕಿಂತ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ ಒತ್ತಡ ಹೆಚ್ಚೆಂದು ತೋರಿಸಿದರು. ಸ್ಪಷ್ಟವಾಗಿ ಇಲ್ಲವೆಂದವರಿಗಿಂತ ಏನನ್ನೂ ಹೇಳದವರೇ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ದೌರ್ಬಲ್ಯದ ಲಕ್ಷಣವಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ರಾತ್ರಿಯ ಲೆಕ್ಕ. ತೀರ್ಪೊಂದನ್ನು ಕೈಗೆ ಕೊಟ್ಟರೆ ಅದರ ರೇಶಿಯೊ (ತೀರ್ಪಿಗೆ ಆಧಾರವಾದ ಕಾನೂನು ಕಾರಣ) ಯಾವುದು, ನಿರ್ಣಯ ಯಾವ ವಾಸ್ತವಾಂಶದ ಮೇಲೆ ನಿಂತಿದೆ ಎಂದು ಹುಡುಕುವುದನ್ನೇ ವರ್ಷಗಟ್ಟಲೆ ಕಲಿತ ಬುದ್ಧಿಯು ನಿರಾಕರಣೆಯ ಎರಡು ಸಾಲಿನ ಮೇಲ್‌ನಲ್ಲೂ ರೇಶಿಯೊ ಹುಡುಕತೊಡಗುತ್ತದೆ. ಅಲ್ಲಿ ಕಾರಣಗಳೇ ಇಲ್ಲವಾದ್ದರಿಂದ ತಾನೇ ಅವನ್ನು ಬರೆದುಕೊಂಡು, ತನ್ನ ವಿರುದ್ಧವೇ ತೀರ್ಪು ಕೊಟ್ಟುಕೊಳ್ಳುತ್ತದೆ. ಕಾರಣ ನಮೂದಿಸದ ಆದೇಶವನ್ನು ಪೂರ್ವನಿದರ್ಶನವೆಂದು ಮುಂದಿಡಲು ಯಾವ ಜಾಣ ವಕೀಲರೂ ಹೋಗುವುದಿಲ್ಲ. ನಿಮ್ಮದೇ ವಿಷಯದಲ್ಲಿ ನೀವು ಅದನ್ನು ಮಾಡಬೇಡಿ. ಅರ್ಜಿಗಳನ್ನು ಓದುವ ಮೇಜಿನ ಆ ಕಡೆಯಲ್ಲೂ ನಾನು ಕುಳಿತಿದ್ದೇನೆ. ಸ್ಥಾನಗಳು ಬೆರಳೆಣಿಕೆಯಷ್ಟು, ಅರ್ಜಿಗಳು ರಾಶಿ, ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಬಂದ ಬಂದ ಹಾಗೆ ಅರ್ಜಿ ಪರಿಶೀಲಿಸುವ ಕಚೇರಿಗಳಲ್ಲಿ ಕೊನೆಯ ದಿನಾಂಕಕ್ಕೆ ಮೊದಲೇ ಸ್ಥಾನಗಳು ತುಂಬಿರುವುದುಂಟು. ಹಿಂದೆ ಇಂಟರ್ನ್ ಆಗಿದ್ದವರಿಗೇ ಕೆಲಸ ಕೊಡಲು ಮೊದಲೇ ನಿಶ್ಚಯಿಸಿರುವುದುಂಟು. ತೆರಿಗೆ ವಿಭಾಗಕ್ಕೆ ಜನ ಬೇಕಾಗಿದ್ದಾಗ ಕ್ರಿಮಿನಲ್ ಕಾನೂನಿನ ಆಸಕ್ತಿಯನ್ನು ಚೆಂದವಾಗಿ ವಿವರಿಸಿದ ಅರ್ಜಿ ಬದಿಗೆ ಸರಿಯುವುದೂ ಉಂಟು. ಇವುಗಳಲ್ಲಿ ಒಂದೂ ನಿಮಗೆ ಬಂದ ಎರಡು ಸಾಲಿನಲ್ಲಿ ಕಾಣುವುದಿಲ್ಲ.

ರಾತ್ರಿ ಲೆಕ್ಕ ಹಾಕಲೇಬೇಕಿದ್ದರೆ ಈ ಲೆಕ್ಕ ಹಾಕಿ. ಒಂದು ಅರ್ಜಿ ಫಲಿಸುವ ಸಾಧ್ಯತೆ ನೂರಕ್ಕೆ 5 ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಆಗ 10 ಅರ್ಜಿಗಳೂ ಸಾಲಾಗಿ ತಿರಸ್ಕೃತವಾಗುವ ಸಾಧ್ಯತೆ ನೂರಕ್ಕೆ ಸುಮಾರು 60 ಆಗುತ್ತದೆ, ಅಂದರೆ ಯೋಗ್ಯ ಅಭ್ಯರ್ಥಿಗೂ ಹತ್ತು ಬಾರಿ ಇಲ್ಲವೆಂಬ ಉತ್ತರ ಬರುವುದು ಅಪವಾದಕ್ಕಿಂತ ಹೆಚ್ಚಾಗಿ ವಾಡಿಕೆಯೇ. ಅದೇ ಅಭ್ಯರ್ಥಿ 20 ಅರ್ಜಿ ಹಾಕಿದರೆ ಒಂದಾದರೂ ಫಲಿಸುವ ಸಾಧ್ಯತೆ ನೂರಕ್ಕೆ ಸುಮಾರು 64ಕ್ಕೆ ಏರುತ್ತದೆ. ಆದರೆ ಅರ್ಜಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಒಂದೇ ಪತ್ರದಲ್ಲಿ ಸಂಸ್ಥೆಯ ಹೆಸರನ್ನಷ್ಟೇ ಬದಲಿಸಿ ಇಪ್ಪತ್ತು ಕಡೆ ಕಳಿಸಿದರೆ ಅದು ಒಂದೇ ಅರ್ಜಿಯ ಇಪ್ಪತ್ತು ಪ್ರತಿ. (ಹೆಸರು ಬದಲಿಸುವುದನ್ನು ಮರೆತು, ನಮ್ಮ ಪ್ರತಿಸ್ಪರ್ಧಿ ಕಚೇರಿಯನ್ನು ಮನಸಾರೆ ಹೊಗಳಿದ ಪತ್ರಗಳನ್ನೂ ಓದಿದ್ದೇನೆ.)

ಕಾರಣ ತಿಳಿಯಲೇಬೇಕೆಂದಿದ್ದರೆ ಮೇಲ್‌ನ ಪದಗಳನ್ನು ಬಿಟ್ಟು, ಅರ್ಜಿ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ನೋಡಿ. ಎಲ್ಲಿಗೆ, ಯಾವಾಗ ಕಳಿಸಿದಿರಿ, ಎಲ್ಲಿಯವರೆಗೆ ಹೋಯಿತು ಎಂದು ಒಂದು ಪಟ್ಟಿ ಇಡಿ. ಮೊದಲ ಪರಿಶೀಲನೆಯಲ್ಲೇ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ರೆಸ್ಯೂಮೆಯನ್ನೂ ಪತ್ರವನ್ನೂ ನಿಮ್ಮ ಮುಖ ನೋಡದೆ ತಿದ್ದಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಆನ್‌ಲೈನ್ ಪರೀಕ್ಷೆಯಲ್ಲಿ ನಿಲ್ಲುತ್ತಿದ್ದರೆ ಅಭ್ಯಾಸ ಬೇಕು: ಹಲವು ಕಾನೂನು ಸಂಸ್ಥೆಗಳು ಬಳಸುವ ವಾಟ್ಸನ್–ಗ್ಲೇಸರ್ ಪರೀಕ್ಷೆಯು ಅನುಮಾನ (ಕೊಟ್ಟ ಮಾಹಿತಿಯಿಂದ ಊಹಿಸುವುದು), ಅಡಗಿದ ಗೃಹೀತಗಳು, ನಿಗಮನ, ಅರ್ಥೈಸುವಿಕೆ, ವಾದಗಳ ಮೌಲ್ಯಮಾಪನ ಎಂಬ ಐದು ಭಾಗಗಳಲ್ಲಿ ತರ್ಕವನ್ನು ಅಳೆಯುತ್ತದೆ, ಕಾನೂನಿನ ಜ್ಞಾನವನ್ನಲ್ಲ, ಮಾದರಿ ಪ್ರಶ್ನೆಗಳನ್ನು ಬಿಡಿಸುತ್ತ ಹೋದಂತೆ ಅದರ ದಾರಿ ಹಿಡಿತಕ್ಕೆ ಸಿಗುತ್ತದೆ. ಸಂದರ್ಶನದವರೆಗೆ ಹೋಗಿ ತಪ್ಪಿದ್ದರೆ ಅಭಿಪ್ರಾಯ ತಿಳಿಸುವಿರಾ ಎಂದು ಎರಡು ಸಾಲಿನಲ್ಲಿ ವಿನಯದಿಂದ ಕೇಳಬಹುದು. ಆ ಹಂತದಲ್ಲಿ ಕೆಲವರು ನಿಜಕ್ಕೂ ಹೇಳುತ್ತಾರೆ.

ಫೋನಿನ ವಿಷಯಕ್ಕೆ ಹೆಚ್ಚು ಮಾತು ಬೇಡ: ಮೇಲ್‌ನ ನೋಟಿಫಿಕೇಶನ್ ಆರಿಸಿ, ದಿನಕ್ಕೆ ಎರಡು ನಿಗದಿತ ಹೊತ್ತಿನಲ್ಲಿ ಮಾತ್ರ ತೆರೆಯಿರಿ, ಮಲಗುವ ಮುಂಚಿನ ಹೊತ್ತು ಅವುಗಳಲ್ಲಿ ಒಂದಾಗದಿರಲಿ. ಉಳಿದ ಹೊತ್ತನ್ನು ತುಂಬಲು, ನಿಮ್ಮ ಶಕ್ತಿಗೆ ತುಸು ಸವಾಲಾಗುವ, ಮುಂದುವರಿದದ್ದು ಕಣ್ಣಿಗೆ ಕಾಣುವ ಕೆಲಸವನ್ನು ಆರಿಸಿಕೊಳ್ಳಿ. ಹಾಗೆ ಮೈಮರೆತು ತೊಡಗಿಕೊಳ್ಳುವುದು ಕಾಯುವವರಿಗೆ ನೆರವಾಗುತ್ತದೆಂದು 2018ರಲ್ಲಿ ಸ್ವೀನಿಯವರ ತಂಡವೇ ಪ್ರಕಟಿಸಿದೆ. ಮೂಟ್ ಕೋರ್ಟ್‌ಗೆ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯಕ್ಕೆ) ವಾದಪತ್ರದ ಕರಡು ಬರೆಯುವುದಾಗಲಿ, ಸಂಗೀತದ ಅಭ್ಯಾಸವಾಗಲಿ ಅದಕ್ಕೆ ಆಗುತ್ತದೆ; ಪರದೆಯ ಮೇಲೆ ಬೆರಳಾಡಿಸುತ್ತ ಕೂರುವುದು ಆಗುವುದಿಲ್ಲ. ನಿದ್ರೆ ಕೆಡುವುದು, ಹಸಿವಾಗದಿರುವುದು, ಯಾವುದೂ ಬೇಡವೆನಿಸುವುದು ಎರಡು ವಾರ ಬಿಡದೆ ಮುಂದುವರಿದರೆ ಅದನ್ನು ಅರ್ಜಿಯ ಚಿಂತೆಯೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅಂದೇ ಆಪ್ತರೊಬ್ಬರಿಗೆ ಹೇಳಿ, ಅವರ ಜೊತೆಗೇ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಸಂದರ್ಶನದ ಕೊಠಡಿಗೆ ಹೋಗುವ ಮುಂಚೆ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಶಾಂತವಾಗಿರು ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಆಗುತ್ತಿಲ್ಲ. ಗೊತ್ತಿರುವ ಉತ್ತರವೂ ಮರೆತುಹೋಗುತ್ತದೆ, ಮೇಡಂ.
– ಕಿರಿಯ ವಕೀಲ

ಉತ್ತರ: ಶಾಂತವಾಗಿರು ಎಂಬ ಆಜ್ಞೆಯನ್ನು ದೇಹ ಅಷ್ಟು ಬೇಗ ಪಾಲಿಸುವುದಿಲ್ಲ. ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ, ಭಾಷಣ ಮಾಡುವ, ಗಣಿತ ಬಿಡಿಸುವ ಮುಂಚೆ ತಮ್ಮ ಕಳವಳವನ್ನು ಉತ್ಸಾಹವೆಂದು ಕರೆದುಕೊಂಡವರು, ಶಾಂತರಾಗಲು ಹೆಣಗಿದವರಿಗಿಂತ ಚೆನ್ನಾಗಿ ನಿಭಾಯಿಸಿದರು. ಕಳವಳ, ಉತ್ಸಾಹ ಎರಡರಲ್ಲೂ ಎದೆಬಡಿತ ಏರಿಯೇ ಇರುತ್ತದೆ, ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭ. ಇನ್ನು ಮರೆವಿನ ಮಾತು. ಕಾನೂನು ಸಂದರ್ಶನದಲ್ಲಿ ಕಾಲ್ಪನಿಕ ಪ್ರಕರಣವೊಂದನ್ನು ಕೊಟ್ಟು ನಿಮ್ಮ ನಿಲುವನ್ನು ಕೆದಕುವುದು ಸಾಮಾನ್ಯ. ಅವರು ವಿರೋಧಿಸಿದ್ದರಿಂದ ನೀವು ತಪ್ಪೆಂದಾಗುವುದಿಲ್ಲ, ಒತ್ತಿದಾಗ ನೀವು ಹೇಗೆ ಯೋಚಿಸುತ್ತೀರಿ ಎಂದು ನೋಡುವುದೇ ಅದರ ಉದ್ದೇಶ. ‘ಒಂದು ನಿಮಿಷ ಯೋಚಿಸಿ ಹೇಳುತ್ತೇನೆ’ ಎನ್ನಬಹುದು. ‘ಆ ಕಲಮು ಈಗ ನೆನಪಿಗೆ ಬರುತ್ತಿಲ್ಲ, ಆದರೆ ತತ್ವ ಇದು’ ಎಂದರೂ ಆಗುತ್ತದೆ. ನ್ಯಾಯಾಲಯದಲ್ಲೂ ಹಾಗೆಯೇ ಹೇಳುತ್ತೇವೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಉತ್ತರವನ್ನು ಬಾಯಿಪಾಠ ಮಾಡದೆ, ಗೆಳೆಯರೊಬ್ಬರಿಂದ ಅಡ್ಡಪ್ರಶ್ನೆ ಕೇಳಿಸಿಕೊಂಡು ಗಟ್ಟಿಯಾಗಿ ಮಾತಾಡಿ ನೋಡಿ.

ಪ್ರಶ್ನೆ: ನನ್ನ ಮಗಳು ಕಾನೂನು ಓದಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಏನಾಯಿತಮ್ಮಾ ಎಂದು ಕೇಳಿದರೆ ಸಿಡುಕುತ್ತಾಳೆ. ಕೇಳದಿದ್ದರೆ ಅಪ್ಪನಿಗೆ ಕಾಳಜಿಯಿಲ್ಲ ಎನ್ನುತ್ತಾಳೆ. ನಾನೇನು ಮಾಡಲಿ?
– ಒಬ್ಬ ತಂದೆ

ಉತ್ತರ: ಸುದ್ದಿಯಿದ್ದರೆ ಅವರೇ ಹೇಳುತ್ತಾರೆ, ಆದ್ದರಿಂದ ಸುದ್ದಿ ಕೇಳಬೇಡಿ, ಕೆಲಸ ಕೇಳಿ: ಪತ್ರವನ್ನು ಓದಿ ನೋಡಲೇ, ಸಂದರ್ಶನಕ್ಕೆ ಕರೆದೊಯ್ಯಲೇ, ಪ್ರಶ್ನೆ ಕೇಳುವವನಾಗಿ ಕೂರಲೇ. ನೆಂಟರಿಗೆ ಉತ್ತರಿಸುವ ಭಾರವನ್ನು ನೀವೇ ಹೊತ್ತುಕೊಳ್ಳಿ. ಯಾರ ಮಗ ಎಲ್ಲಿ ಸೇರಿದನೆಂಬ ಮಾತು ಮನೆಯಲ್ಲಿ ಕೆಲವು ತಿಂಗಳು ಬರದಿದ್ದರೆ ನಷ್ಟವೇನಿಲ್ಲ. ಹಣದ ವಿಷಯದಲ್ಲಿ ಮಾತ್ರ ಮೌನ ಬೇಡ. ಎಷ್ಟು ಕಾಲ ಸಂಬಳವಿಲ್ಲದೆ ಪ್ರಯತ್ನ ಮುಂದುವರಿಸಬಹುದು ಎಂಬುದನ್ನು ಒಮ್ಮೆ ಕೂತು ತಿಂಗಳುಗಳಲ್ಲಿ ಹೇಳಿಬಿಡಿ. ಬಾಯಿಬಿಟ್ಟು ಹೇಳದ ಗಡುವು ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ.

ಪ್ರಶ್ನೆ: ಸಣ್ಣ ಕಚೇರಿಯೊಂದು ಕೆಲಸ ಕೊಡುತ್ತೇವೆ ಎಂದಿದೆ, ಒಂದು ವಾರದಲ್ಲಿ ಒಪ್ಪಿಗೆ ತಿಳಿಸಬೇಕು. ನಾನು ಬಯಸಿದ ದೊಡ್ಡ ಸಂಸ್ಥೆಯ ಸಂದರ್ಶನ ಮುಗಿದಿದೆ, ಫಲಿತಾಂಶ ಬಂದಿಲ್ಲ. ಇಲ್ಲಿ ಒಪ್ಪಿಕೊಂಡು, ಅಲ್ಲಿ ಸಿಕ್ಕರೆ ಬಿಟ್ಟುಹೋಗಬಹುದೇ?
– ಗೊಂದಲದಲ್ಲಿರುವ ಪದವೀಧರ

ಉತ್ತರ: ಮೊದಲು ದೊಡ್ಡ ಸಂಸ್ಥೆಗೆ ಬರೆಯಿರಿ. ನಿಮಗೆ ಬೇರೊಂದು ಆಹ್ವಾನ ಬಂದಿದೆ, ಇಂಥ ದಿನದೊಳಗೆ ಉತ್ತರಿಸಬೇಕಾಗಿದೆ, ನಿರ್ಧಾರ ಯಾವಾಗ ತಿಳಿಯಬಹುದು ಎಂದು ಕೇಳುವುದು ಉದ್ಧಟತನವಲ್ಲ. ಇಂಥ ಪತ್ರಗಳು ಅವರಿಗೆ ಹೊಸತೂ ಅಲ್ಲ. ಅದೇ ದಿನ ಸಣ್ಣ ಕಚೇರಿಗೆ ಕೃತಜ್ಞತೆ ತಿಳಿಸಿ, ಕೆಲವು ದಿನಗಳ ಹೆಚ್ಚಿನ ಸಮಯ ಕೇಳಿ. ಕೊಟ್ಟರೆ ಸರಿ. ಕೊಡದಿದ್ದರೆ, ಕೈಯಲ್ಲಿರುವ ಕೆಲಸದಲ್ಲಿ ನೀವು ಕಲಿಯುವುದೇನು ಎಂಬುದರ ಮೇಲೆ ನಿರ್ಧರಿಸಬೇಕಾಗುತ್ತದೆ. ಸಣ್ಣ ಕಚೇರಿಯಲ್ಲಿ ಕಕ್ಷಿದಾರರನ್ನು ನೇರವಾಗಿ ಕಾಣುವ, ಬೇಗನೆ ನ್ಯಾಯಾಲಯದಲ್ಲಿ ನಿಲ್ಲುವ ಅವಕಾಶ ಸಿಗುವುದು ಸಾಮಾನ್ಯ, ಅದನ್ನು ಹಗುರವಾಗಿ ಕಾಣಬೇಡಿ. ಬಿಡುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಪ್ಪಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆ ಕಚೇರಿ ನಿಮ್ಮನ್ನು ನಂಬಿ ಉಳಿದವರಿಗೆ ಇಲ್ಲವೆಂಬ ಎರಡು ಸಾಲನ್ನು ಕಳಿಸಿರುತ್ತದೆ, ಮೇಲಾಗಿ ವಕೀಲರ ಬಳಗದಲ್ಲಿ ಇಂಥ ಸುದ್ದಿ ಹರಡಲು ಹೆಚ್ಚು ದಿನ ಬೇಕಾಗುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರಲ್ಲಿ ನೋಟಿಸ್ ಅವಧಿ, ಕನಿಷ್ಠ ಸೇವಾವಧಿ, ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತು ಇವೆಯೇ ಎಂದು ಓದಿ. ಕಕ್ಷಿದಾರರ ಕರಾರನ್ನು ಸಾಲುಸಾಲಾಗಿ ಪರಿಶೀಲಿಸುವವರು ತಮ್ಮದನ್ನು ಓದದೆ ಸಹಿ ಹಾಕಿದ್ದನ್ನು ಕಂಡಿದ್ದೇನೆ.