ಕ್ರಿಸ್‌ಮಸ್ ಬೆಳಿಗ್ಗೆ ಸೈಕಲ್ ಸವಾರಿ

ಪ್ರಶ್ನೆ: ಡಿಸೆಂಬರ್ 25ರ ಬೆಳಿಗ್ಗೆ ನಮ್ಮ ಬೀದಿಯವರೆಲ್ಲ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸೈಕಲ್‌ನಲ್ಲಿ ಹೋಗಿಬರಬೇಕೆಂದಿದ್ದೇವೆ. ಮಕ್ಕಳೂ ಇದ್ದಾರೆ. ಏರ್ಪಾಡು ಹೇಗಿರಬೇಕು ಸರ್?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಹೋಗಿಬನ್ನಿ ತಾಯಿ. ಆದರೆ ಸಂತ ಫಿಲೋಮಿನಾ ಚರ್ಚಿನ ಮುಂದೆ ಸೇರಬೇಡಿ. ಬಲಿಪೂಜೆಗೆ, ಅಂದರೆ ಚರ್ಚಿನ ಪ್ರಾರ್ಥನೆಗೆ, ಬರುವವರಿಗೆ ಅಂದು ಆ ಜಾಗ ಬೇಕು. ನಿಮ್ಮ ಬೀದಿಯಿಂದಲೇ ಹೊರಡಿ, ಅದೂ ಬೆಳಕು ಹರಿದ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಸುಮಾರಿಗೆ. ಕತ್ತಲಲ್ಲಿ ಮಕ್ಕಳನ್ನು ರಸ್ತೆಗಿಳಿಸುವುದನ್ನು ನಾನು ಒಪ್ಪುವುದೇ ಇಲ್ಲ.

ದೂರ ಸುಮಾರು 15 ಕಿ.ಮೀ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಹೋಗಲೇಬೇಡಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕುಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ನಿಮ್ಮ ದಾರಿ. ಅನುಭವವಿರುವ ಒಬ್ಬರು ಮುಂದೆ, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ. ಅತಿ ನಿಧಾನವಾಗಿ ತುಳಿಯುವ ಮಗುವಿನ ವೇಗವೇ ಗುಂಪಿನ ವೇಗ. ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಹಬ್ಬದ ದಿನ ಅಂಗಡಿ ತೆರೆದಿರುವ ಭರವಸೆಯಿಲ್ಲ.

ಬೀದಿಯಲ್ಲಿ ಕ್ರೈಸ್ತ ಮನೆಗಳಿದ್ದರೆ ಸಮಯ ನಿಗದಿಪಡಿಸುವ ಮೊದಲು ಅವರನ್ನು ಕೇಳಿ. ಹಿಂದಿನ ರಾತ್ರಿಯ ಪೂಜೆ ಮುಗಿಸಿ ಅವರು ಮಲಗುವುದೇ ತಡ. ಅವರ ಹಬ್ಬದಂದು ಅವರನ್ನೇ ಬಿಟ್ಟು ಹೊರಡುವುದು ನನಗೆ ಸರಿಕಾಣದು. ಮರಳುವಾಗ ಮಕ್ಕಳು ಸೋತರೆ ಬಸ್ಸಿದೆ. ಅವರ ಸೈಕಲ್‌ಗಳಿಗೆ ಒಂದು ಗೂಡ್ಸ್ ಆಟೊ ಮೊದಲೇ ಹೇಳಿಡಿ.